ಬದಲಿ ರಜೆಯ ದಿನ

ಆ ಮಂಗಳವಾರ ನಾನು ವಿಮಾನ ಹಾರಿಸಬೇಕಾಗಿರಲಿಲ್ಲ. ಅದು ನನ್ನ ವಾರದ ರಜೆಯ ದಿನ. ಯಾರೂ ಒತ್ತಾಯ ಮಾಡಿರಲಿಲ್ಲ, ನಾನೇ ಒಪ್ಪಿ ತೆಗೆದುಕೊಂಡ ಡ್ಯೂಟಿ ಅದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಎಲ್ಲರೂ ನನ್ನದೇನೂ ತಪ್ಪಿಲ್ಲ ಎಂದು ಹೇಳುತ್ತಲೇ ಬಂದಿದ್ದಾರೆ, ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಹಿಂದಿನ ದಿನ, ಸೋಮವಾರ ಸಂಜೆ, ಹುಬ್ಬಳ್ಳಿ ಧಾರವಾಡದ ನಡುವಿನ ಸತ್ತೂರಿನ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕ ಕುಳಿತಿದ್ದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಧಾರವಾಡದ ಒಂದು ಕಚೇರಿಯಲ್ಲಿ ಗುಮಾಸ್ತೆ, ಹುಬ್ಬಳ್ಳಿಯ ಕೇಶ್ವಾಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಅವಳ ಪಿತ್ತಕೋಶದಲ್ಲಿ ಹರಳು ಸಿಕ್ಕಿಕೊಂಡಿತ್ತು. ಬುಧವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದು ಡಾಕ್ಟರರು ಭಾನುವಾರವಷ್ಟೇ ನಿಶ್ಚಯಿಸಿದ್ದರು. ಅಂಥ ದೊಡ್ಡದೇನಲ್ಲ, ಮೂರನೇ ದಿನಕ್ಕೆ ಮನೆಗೆ ಹೋಗಬಹುದು ಎಂದಿದ್ದರು. ಆದರೂ ಅಕ್ಕನಿಗೆ ಒಳಗೊಳಗೇ ಪುಕಪುಕ. ಹೆದರಿಕೆ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಅವಳು. ಹೊದಿಕೆಯ ಅಂಚನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದಳು.

“ನೋಡವಾ, ನಾ ಒಳಗ ಹೋಗೂ ಮುಂದ ನೀ ನನ್ನ ಕಣ್ಣ ಮುಂದ ಇರಬೇಕು. ಹೊರಗ ಬರೂ ಮುಂದ ಇರಲಿಲ್ಲಂದ್ರೂ ನಡೀತೈತಿ,” ಅಂದಳು.

“ಇರ್ತೇನಿ, ಅಕ್ಕಾ.”

“ನಿಮ್ಮ ವಿಮಾನದವರಂಗ ಇನ್ನೊಂದ ಅರ್ಧಾ ತಾಸು ಅಂತ ಹೇಳಬ್ಯಾಡ ಮತ್ತ.”

ತಾಯಿ ನಾನು ಆರನೇ ಇಯತ್ತೆಯಲ್ಲಿದ್ದಾಗಲೇ ಹೋದಳು. ಅಲ್ಲಿಂದ ಮುಂದೆ ನನ್ನ ತಲೆ ಬಾಚಿದ್ದು, ಸಾಲಿಗೆ ಕಳಿಸಿದ್ದು, ಪೈಲಟ್ ತರಬೇತಿಗೆ ಹೋಗುತ್ತೇನೆ ಎಂದಾಗ ಮನೆಯ ಹಿರಿಯರನ್ನೆಲ್ಲ ಬಾಯಿ ಮುಚ್ಚಿಸಿದ್ದು ಅಕ್ಕನೇ. ಅವಳು ನನ್ನನ್ನು ಬೇರೇನೂ ಕೇಳಿದ್ದು ನೆನಪಿಲ್ಲ. ಬುಧವಾರ ಬೆಳಿಗ್ಗೆ ಎಂಟಕ್ಕೆ ಎದುರಿಗಿರು ಎಂದು ಮಾತ್ರ ಕೇಳಿದಳು.

ತೊಂದರೆ ಏನೆಂದರೆ ಬುಧವಾರ ನನಗೆ ಸ್ಟ್ಯಾಂಡ್‌ಬೈ ಇತ್ತು. ಹಾಗೆಂದರೆ ಹಾರುವ ಕೆಲಸವಿಲ್ಲ, ಆದರೆ ಬಿಡುವೂ ಇಲ್ಲ. ಯಾವ ಪೈಲಟ್ಟಿಗೆ ಯಾವಾಗ ಜ್ವರ ಬರುತ್ತದೋ, ಯಾರ ಡ್ಯೂಟಿಯ ಅವಧಿ ಎಲ್ಲಿ ಮುಗಿದುಹೋಗುತ್ತದೋ ಹೇಳಲಾಗದು. ಅದಕ್ಕೇ ದಿನಕ್ಕೊಬ್ಬ ಕ್ಯಾಪ್ಟನ್ ಯುನಿಫಾರ್ಮ್ ಇಸ್ತ್ರಿ ಮಾಡಿಟ್ಟುಕೊಂಡು, ಫೋನ್ ಕೈಯಲ್ಲಿ ಹಿಡಿದು ಕಾಯಬೇಕು. ಕರೆ ಬಂದರೆ ಒಂದೂವರೆ ತಾಸಿನೊಳಗೆ ವಿಮಾನ ನಿಲ್ದಾಣದಲ್ಲಿರಬೇಕು. ನನ್ನ ಸರದಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಆಸ್ಪತ್ರೆಯಲ್ಲಿ ಕುಳಿತೇ ಕಾಯಬಹುದಿತ್ತು, ಸತ್ತೂರಿನಿಂದ ನಿಲ್ದಾಣ ಅಷ್ಟೇನೂ ದೂರವಲ್ಲ. ಆದರೆ ಏಳೂವರೆಗೆ ಫೋನ್ ಬಂದರೆ ಎದ್ದು ಹೋಗಲೇಬೇಕು.

ತುರ್ತು ರಜೆಗೆ ಅಂದು ಬೆಳಿಗ್ಗೆಯೇ ಅರ್ಜಿ ಹಾಕಿದ್ದೆ, ಅದು ತಿರುಗಿ ಬಂತು. ಹತ್ತಿರದವರ ಕಾಯಿಲೆಗೆ ರಜೆ ಕೊಡುವ ನಿಯಮದಲ್ಲಿ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ ಎಂದಿದೆ. ಅಕ್ಕ ಎಂದಿಲ್ಲ. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ನಮ್ಮ ಹುಬ್ಬಳ್ಳಿಯ ನೆಲೆಯಲ್ಲಿ ಇರುವವರು ಎಂಟು ಕ್ಯಾಪ್ಟನ್ನರು. ಅವರಲ್ಲಿ ನಿಯಮದ ಪುಸ್ತಕ ಬಾಯಿಪಾಠ ಇದ್ದವಳು ನಾನೊಬ್ಬಳೇ. ಬೇರೆಯವರು ತಮ್ಮ ಡ್ಯೂಟಿಯ ಲೆಕ್ಕ ತಪ್ಪಿದೆಯೇ ಎಂದು ನನ್ನನ್ನೇ ಕೇಳುತ್ತಿದ್ದರು. ಹಿಂದಿನಿಂದ ‘ವಕೀಲಮ್ಮ’ ಎನ್ನುತ್ತಿದ್ದರೆಂದೂ ಗೊತ್ತು. ನನಗೆ ಅದು ಹೆಮ್ಮೆಯೇ ಆಗಿತ್ತು.

ಅರ್ಜಿ ತಿರುಗಿ ಬಂದ ಸುದ್ದಿ ಹೇಳಿದಾಗ ಅಕ್ಕ ನಕ್ಕಳು. “ನಿನ್ನ ರೂಲ್ ಬುಕ್ಕಿನ್ಯಾಗ ಅಕ್ಕ ಅಂದ್ರ ಯಾವ ಪುಟದಾಗ ಬರ್ತಾಳ ನೋಡು ಮೊದಲ.”

ಒಂದು ಪುಟದಲ್ಲಿ ಬರುತ್ತಾಳೆ. ಸಾವಿನ ರಜೆಯ ಪುಟದಲ್ಲಿ. ಅಲ್ಲಿ ಒಡಹುಟ್ಟಿದವರೂ ಸೇರಿದ್ದಾರೆ. ಅದನ್ನು ಅವಳಿಗೆ ಹೇಳಲಿಲ್ಲ.

“ಹೊಟ್ಟಿ ಬ್ಯಾನಿ ಅಂತ ಫೋನ್ ಮಾಡಿಬಿಡವಾ. ಎಲ್ಲಾರೂ ಮಾಡೂದ ಅದು,” ಅಂದರು ಭಾವ. ಅವರು ಮಾತು ಕಡಿಮೆಯ ಮನುಷ್ಯ. ಅಷ್ಟು ಹೇಳಿದ್ದೇ ಹೆಚ್ಚು.

“ನಾ ಹಂಗ ಮಾಡಂಗಿಲ್ರಿ,” ಅಂದೆ. ಹನ್ನೊಂದು ವರ್ಷದ ಕೆಲಸದಲ್ಲಿ ಒಮ್ಮೆಯೂ ಸುಳ್ಳು ಕಾಯಿಲೆ ಹೇಳಿದವಳಲ್ಲ ನಾನು. ಹೇಳಿದ್ದರೆ ಏನಾಗುತ್ತಿತ್ತು ಎಂದು ಈಗ ಯೋಚಿಸುವುದುಂಟು.

ಆಗಲೇ ಡ್ಯೂಟಿ ಕಾಕಾನ ಫೋನ್ ಬಂತು. ನಮಗೆಲ್ಲ ಡ್ಯೂಟಿ ಹಂಚುವವರು ಅವರು, ಅಮ್ಮಿನಬಾವಿಯಿಂದ ದಿನಾ ಬೈಕಿನ ಮೇಲೆ ಬರುವ ಐವತ್ತು ದಾಟಿದ ಮನುಷ್ಯ. ಯಾರ ಮಗುವಿನ ಹುಟ್ಟುಹಬ್ಬ ಯಾವತ್ತು ಎಂಬುದೂ ಅವರಿಗೆ ಗೊತ್ತಿರುತ್ತದೆ. ಪೈಲಟ್ಟುಗಳೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ.

“ಮ್ಯಾಡಂ, ನಾಳಿಗೆ ಒಂದು ಎಕ್ಸ್‌ಟ್ರಾ ಟ್ರಿಪ್ ಐತ್ರಿ. ಹೈದರಾಬಾದ, ರಾಜಮಂಡ್ರಿ, ಹೈದರಾಬಾದ, ತಿರುಗಿ ಹುಬ್ಬಳ್ಳಿ. ಹೋಗಬೇಕಾದ ಕ್ಯಾಪ್ಟನ್ನರಿಗೆ ಜ್ವರ ಬಂದಾವು. ನಾಳಿನ ಸ್ಟ್ಯಾಂಡ್‌ಬೈದವರನ್ನ ಆಗಲೇ ಮುಂಬೈ ಟ್ರಿಪ್ಪಿಗೆ ಹಾಕೇನಿ. ರಜಾದಾಗ ಇದ್ದವರನ್ನ ಕೇಳಾಕತ್ತೇನಿ, ಮ್ಯಾಲಿನವರಿಬ್ಬರೂ ಒಲ್ಲೆ ಅಂದ್ರು. ನೀವು ಮೂರನೇದವರು. ಒಲ್ಲೆ ಅಂದ್ರೂ ಬೇಜಾರಿಲ್ರಿ.”

ಕ್ರಮ ಹಾಗೆ. ಮೊದಲು ಸ್ಟ್ಯಾಂಡ್‌ಬೈ. ಅದು ಖಾಲಿಯಾದರೆ ರಜೆಯಲ್ಲಿರುವವರನ್ನು ಹಿರಿತನದ ಪ್ರಕಾರ ಕೇಳಬೇಕು, ಅವರು ಬೇಡ ಎನ್ನಬಹುದು. ಒಪ್ಪಿದವರಿಗೆ ಹೆಚ್ಚಿನ ಸಂಭಾವನೆ, ಅಥವಾ ಬೇಕಿದ್ದರೆ ಅದರ ಬದಲು ತಾವು ಕೇಳಿದ ದಿನ ಒಂದು ರಜೆ. ಯಾರೂ ಒಪ್ಪದಿದ್ದರೆ ಕೊನೆಗೆ ಎಲ್ಲರಿಗಿಂತ ಕಿರಿಯ ಕ್ಯಾಪ್ಟನ್ನಿನ ತಲೆಗೆ ಕಟ್ಟುತ್ತಾರೆ, ಆತ ಬೇಡ ಎನ್ನುವಂತಿಲ್ಲ. ಅಂದರೆ ನಾನು ಒಲ್ಲೆ ಎಂದಿದ್ದರೂ ಆ ವಿಮಾನ ಹಾರುತ್ತಿತ್ತು.

ಆದರೆ ನನ್ನ ತಲೆಯಲ್ಲಿ ಪುಸ್ತಕದ ಪುಟ ತೆರೆದುಕೊಂಡಿತು. ಬದಲಿ ರಜೆಯನ್ನು ಸ್ಟ್ಯಾಂಡ್‌ಬೈ ದಿನದ ಮೇಲೂ ಹಾಕಿಸಿಕೊಳ್ಳಬಹುದು. ಒಮ್ಮೆ ಹಾಕಿದರೆ ಅದನ್ನು ಕಂಪನಿ ಕಿತ್ತುಕೊಳ್ಳುವಂತಿಲ್ಲ. ನಾಳೆ ಮಧ್ಯಾಹ್ನ ಒಂದೂವರೆಗೆ ತಿರುಗಿ ಬಂದರೆ ಮೂರು ಗಂಟೆಗೆ ಅಕ್ಕನ ಮುಂದೆ. ಬುಧವಾರ ಇಡೀ ದಿನ ನನ್ನದು, ಫೋನ್ ಬಂದ್ ಮಾಡಿಟ್ಟರೂ ಯಾರೂ ಕೇಳುವಂತಿಲ್ಲ.

“ಹೋಗ್ತೇನ್ರಿ ಕಾಕಾ. ರೊಕ್ಕ ಬ್ಯಾಡ. ಬದಲಿ ರಜಾ ಬುಧವಾರಕ್ಕ ಹಾಕ್ರಿ.”

ಕಾಕಾ ನಕ್ಕು, “ಹಾ ಹಾ! ಭಾಳ ಛಲೋ ಹಿಡಿದ್ರಿ ನೋಡ್ರಿ,” ಎಂದರು. ಅಕ್ಕನ ಆಪರೇಷನ್ ವಿಷಯ ಅವರಿಗೂ ಗೊತ್ತಿತ್ತು. ಖುಷಿಯಾಗಿಯೇ ಹಾಕಿಕೊಟ್ಟರು.

ಅಕ್ಕನಿಗೆ ಈ ಯುಕ್ತಿಯನ್ನು ಸಂಭ್ರಮದಿಂದ ವಿವರಿಸಿದೆ. ಅವಳು ಕೇಳಿಸಿಕೊಂಡು, “ಅಂದ್ರ ನಾಳೆ ನೀ ಇರಂಗಿಲ್ಲ,” ಅಂದಳು.

“ನಾಳೆ ಏನೈತಿ? ನಾಡಿದ್ದ ಐತಲ್ಲ ಕೆಲಸ. ಮೂರರೊಳಗ ಬರ್ತೇನಿ.”

“ಆತು ಬಿಡು.” ಹೊದಿಕೆಯ ಅಂಚನ್ನು ಮತ್ತೆ ಮಡಚತೊಡಗಿದಳು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಹಾಜರಾದೆ. ಎಪ್ಪತ್ತು ಆಸನದ, ಎರಡು ಪಂಖದ ವಿಮಾನ ನಮ್ಮದು. ಅಂದಿನ ಕೋ-ಪೈಲಟ್ ಹುಬ್ಬಳ್ಳಿಯವನೇ, ಅವರ ಮನೆತನದವರೆಲ್ಲ ಗ್ಯಾರೇಜಿನವರು. ಅಜ್ಜ, ಅಪ್ಪ, ಚಾಚಾ ಎಲ್ಲರೂ ಲಾರಿಯ ಎಂಜಿನ್ ಬಿಚ್ಚಿ ಜೋಡಿಸಿದವರು. ಅವನಿಗೂ ಆ ಕಣ್ಣು ಬಂದಿತ್ತು. ಸುಮ್ಮನೆ ನೋಡುತ್ತಾನೆ, ಬೇಕಾದಾಗಷ್ಟೇ ಮಾತಾಡುತ್ತಾನೆ. ಹವಾಮಾನದ ವರದಿ ಓದಿದೆವು. ಮೇ ತಿಂಗಳು, ಮಧ್ಯಾಹ್ನದ ಮೇಲೆ ಹುಬ್ಬಳ್ಳಿ, ಬೆಳಗಾವಿ ಎರಡೂ ಕಡೆ ಗುಡುಗು ಸಿಡಿಲಿನ ಸಂಭವ ಎಂದಿತ್ತು. ಇಳಿಯಲಾಗದಿದ್ದರೆ ಹೋಗಬೇಕಾದ ಊರೆಂದು ಬೆಳಗಾವಿಯ ಬದಲು ಬೆಂಗಳೂರನ್ನು ಬರೆದೆವು. ಒಂದೂವರೆಗೆಲ್ಲ ಇಳಿದಿರುತ್ತೇವೆ, ಮಳೆ ಬರುವುದು ನಾಲ್ಕರ ಮೇಲೆ ಎಂದು ನಾನೇ ಹೇಳಿದೆ.

ಹೈದರಾಬಾದ್, ರಾಜಮಂಡ್ರಿ, ಮತ್ತೆ ಹೈದರಾಬಾದ್. ಹನ್ನೊಂದೂವರೆಯವರೆಗೆ ಎಲ್ಲ ಗಡಿಯಾರದಂತೆ ನಡೆಯಿತು. ಕೊನೆಯ ಹಾರಾಟಕ್ಕೆ ಮೊದಲು ಕೋ-ಪೈಲಟ್ ವಿಮಾನದ ಸುತ್ತ ಒಂದು ಸುತ್ತು ಹಾಕಿ ಬಂದವನು, “ಮ್ಯಾಡಂ, ಎಡಗಡೆ ಒಳಗಿನ ಗಾಲಿ ಒಂದೀಟ ನೋಡಬರ್ರಿ,” ಎಂದ. ಟೈರಿನಲ್ಲಿ ಬೆರಳಗಲದ ಸೀಳು, ಒಳಗಿನ ನೂಲು ಕಾಣುತ್ತಿತ್ತು. ಹಾಗೆ ಹಾರುವಂತಿಲ್ಲ. ಗಾಲಿ ಬದಲಿಸಬೇಕು. ಬದಲಿ ಗಾಲಿ ನಿಲ್ದಾಣದ ಇನ್ನೊಂದು ತುದಿಯಲ್ಲಿದ್ದ ಬೇರೆಯವರ ಉಗ್ರಾಣದಿಂದ ಬರಬೇಕಿತ್ತು. ಕಾಗದಪತ್ರ, ಸಹಿ, ಜ್ಯಾಕು, ಬೋಲ್ಟು ಎಲ್ಲ ಮುಗಿಯುವಷ್ಟರಲ್ಲಿ ಮೂರು ಗಂಟೆ.

ನಡುವೆ ಭಾವನಿಗೆ ಫೋನ್ ಮಾಡಿದ್ದೆ. “ಸ್ವಲ್ಪ ಜ್ವರ ಬಂದೈತಿ, ಔಷಧ ಕೊಟ್ಟಾರ. ನೀ ಬಂದಿಯೇನು ಅಂತ ಎರಡು ಸಲ ಕೇಳಿದ್ಲು,” ಅಂದರು.

“ಐದರೊಳಗ ಬರ್ತೇನಿ ಅಂತ ಹೇಳ್ರಿ.”

ನಾಲ್ಕೂಕಾಲಕ್ಕೆ ಹುಬ್ಬಳ್ಳಿಯ ಮೇಲೆ ಬಂದೆವು. ನಿಲ್ದಾಣ ಕಾಣಲಿಲ್ಲ. ಗೋಕುಲ ರಸ್ತೆಯ ಕಡೆಯಿಂದ ಊರೆಲ್ಲ ಕಪ್ಪಗೆ ಮುಚ್ಚಿಕೊಂಡಿತ್ತು, ಒಳಗೆ ಮಿಂಚು. ಗಾಳಿ ಅಡ್ಡಡ್ಡ ಹೊಡೆಯುತ್ತಿದೆ, ರನ್‌ವೇ ಮೇಲೆ ನೀರು ನಿಂತಿದೆ, ಕಾಯಿರಿ ಎಂದು ಕೆಳಗಿನಿಂದ ಹೇಳಿದರು. ಧಾರವಾಡದ ಕಡೆ ಸರಿದು ಸುತ್ತು ಹಾಕತೊಡಗಿದೆವು. ಅಲ್ಲಿ ಮೋಡ ಒಂದೆಡೆ ಸ್ವಲ್ಪ ಹರಿದಿತ್ತು. ಎರಡು ಊರುಗಳ ನಡುವಿನ ಹೆದ್ದಾರಿ ಕಾಣಿಸಿತು, ಅದರ ಪಕ್ಕದಲ್ಲಿ ಆಸ್ಪತ್ರೆಯ ಬಿಳಿ ಕಟ್ಟಡಗಳು. ಪ್ರತಿ ಸುತ್ತಿಗೂ ಒಮ್ಮೆ ನನ್ನ ಎಡಗಡೆಯ ಕಿಟಕಿಯಲ್ಲಿ ಬಂದು ಹೋಗುತ್ತಿದ್ದವು. ಅಕ್ಕ ನನ್ನ ಕೆಳಗೇ ಇದ್ದಳು. ಇಳಿಯಲು ಜಾಗವಿರಲಿಲ್ಲ.

ಇಪ್ಪತ್ತೈದು ನಿಮಿಷ ಸುತ್ತಿದೆವು. ಇಂಧನ, ಬೆಂಗಳೂರಿಗೆ ಹೋಗಲು ಬೇಕಾಗುವಷ್ಟಕ್ಕೆ ಬಂದು ನಿಂತಿತು. ಇನ್ನೊಂದು ಸುತ್ತು ಎನ್ನುವಂತಿಲ್ಲ, ಆ ಗೆರೆ ದಾಟುವಂತಿಲ್ಲ. ತಿರುಗಿಸಿದೆ.

ಐದೂ ನಲವತ್ತಕ್ಕೆ ಬೆಂಗಳೂರಿನಲ್ಲಿ ಇಳಿದು ಫೋನ್ ಆನ್ ಮಾಡಿದರೆ ಭಾವನ ಒಂಬತ್ತು ಕರೆ ಬಂದಿದ್ದವು. ತಿರುಗಿ ಮಾಡಿದೆ. “ಪಿತ್ತಕೋಶದಾಗ ಕೀವು ತುಂಬೇತಿ ಅಂತ. ಬಿಪಿ ಇಳಿಯಾಕತ್ತೇತಿ. ನಾಳಿತನಕ ಕಾಯಾಕ ಆಗಂಗಿಲ್ಲ ಅಂದ್ರು ಡಾಕ್ಟರು. ಎಂಟು, ಎಂಟೂಕಾಲಕ್ಕ ಒಳಗ ಒಯ್ತಾರ. ಲಗೂ ಬಾ. ಬರೇ ನಿನ್ನ ಕೇಳಾಕತ್ತಾಳ.”

ನಾನು ಗಡಿಯಾರ ನೋಡಿದೆ. ಹುಬ್ಬಳ್ಳಿಯಲ್ಲಿ ಮಳೆ ಸರಿಯುತ್ತಿದೆ ಎಂದು ವರದಿ ಬಂದಿತ್ತು. ಆರೂವರೆಗೆ ಹೊರಟರೆ ಏಳೂವರೆಗೆ ಅಲ್ಲಿ. ಅಲ್ಲಿಂದ ಸತ್ತೂರಿಗೆ ಅರ್ಧ ತಾಸು. ಸರಿಯಾಗಿ ಎಂಟು.

ಆದರೆ ಬೆಳಿಗ್ಗೆ ಆರಕ್ಕೆ ಶುರುವಾದ ನಮ್ಮ ಡ್ಯೂಟಿ, ಅಷ್ಟು ಸಲ ಇಳಿದು ಹತ್ತಿದ್ದರಿಂದ, ಸಂಜೆ ಆರಕ್ಕೆ ಮುಗಿಯುತ್ತಿತ್ತು. ಅನಿರೀಕ್ಷಿತವಾಗಿ ಹೀಗೆ ಸಿಕ್ಕಿಕೊಂಡಾಗ ಅವಧಿಯನ್ನು ಸ್ವಲ್ಪ ಮುಂದಕ್ಕೆ ಎಳೆಯುವ ಅಧಿಕಾರ ಕ್ಯಾಪ್ಟನ್ನಿಗಿದೆ. ಕಂಪನಿ ಹೇಳಿ ಎಳೆಸುವಂತಿಲ್ಲ. ಕ್ಯಾಪ್ಟನ್ ತನ್ನನ್ನೂ ತನ್ನ ಜೊತೆಗಿದ್ದವರನ್ನೂ ಕೇಳಿ, ಎಲ್ಲರೂ ಫಿಟ್ ಇದ್ದಾರೆ ಎಂದು ಬರೆದು ಸಹಿ ಹಾಕಬೇಕು. ಕೇಳಿದೆ. ಎಲ್ಲರೂ ಆಗಬಹುದು ಎಂದರು. ನನ್ನ ಹೆಸರಿನ ಮುಂದೆ ಯೋಚಿಸದೆ ಗುರುತು ಹಾಕಿದೆ. ಇಂಧನ ತುಂಬುವವರಿಗೆ ಚೀಟಿ ಬರೆದು ಕೋ-ಪೈಲಟ್ಟಿನ ಕೈಗೆ ಕೊಟ್ಟೆ.

ಅವನು ಚೀಟಿ ಹಿಡಿದುಕೊಂಡು ನಿಂತೇ ಇದ್ದ.

“ಲಗೂ ಕೊಡ್ರಿ ಅವರಿಗೆ. ಯಾಕ ನಿಂತ್ರಿ?”

“ಮ್ಯಾಡಂ, ಇದು ಸಾವಿರದ ಏಳನೂರು ಕಿಲೋ ಐತ್ರಿ.”

“ಹೌದು.”

“ಅಲ್ಲಿ ಮತ್ತ ಇಳ್ಯಾಕ ಆಗಲಿಲ್ಲಂದ್ರ, ಇದರಾಗ ನಾವು ತಿರುಗಿ ಬರಾಕ ಆಗಂಗಿಲ್ರಿ.” ಅವನು ಬಹಳ ಮೆಲ್ಲಗೆ ಹೇಳಿದ, ಉಳಿದವರಿಗೆ ಕೇಳಿಸದ ಹಾಗೆ.

ಚೀಟಿ ತೆಗೆದುಕೊಂಡು ನೋಡಿದೆ. ಹೋಗಲು ಬೇಕಾದ್ದನ್ನು ಬರೆದಿದ್ದೆ. ಸುತ್ತು ಹಾಕಲು ಒಂದಿಷ್ಟು ಬರೆದಿದ್ದೆ. ತಿರುಗಿ ಬರುವುದಕ್ಕೆ ಬರೆದೇ ಇರಲಿಲ್ಲ. ಕೂಡಿಸುವಾಗ ತಪ್ಪಿದ್ದಲ್ಲ ಅದು. ನನ್ನ ಮನಸ್ಸು ಆಗಲೇ ಹುಬ್ಬಳ್ಳಿಯಲ್ಲಿ ಇಳಿದು, ಟ್ಯಾಕ್ಸಿ ಹತ್ತಿ, ಸತ್ತೂರಿನ ದಾರಿಯಲ್ಲಿತ್ತು. ತಿರುಗಿ ಬರಬೇಕಾಗಬಹುದು ಎಂಬುದನ್ನು ಅದು ಕೇಳಿಸಿಕೊಳ್ಳಲೇ ಇಲ್ಲ. ಒಂದು ತಾಸಿನ ಹಿಂದಷ್ಟೇ ಅದೇ ಊರಿನಿಂದ ಮಳೆಗೆ ಹೆದರಿ ಓಡಿ ಬಂದವಳು ನಾನು.

ಚೀಟಿಯನ್ನು ತಿದ್ದಬಹುದಿತ್ತು. ಒಂದು ಅಂಕಿ ಬದಲಿಸಿದರೆ ಆಯಿತು. ಪೆನ್ನೂ ಕೈಯಲ್ಲೇ ಇತ್ತು. ಆದರೆ ಇದನ್ನು ಇವನು ಹಿಡಿದ, ಇನ್ನೇನೇನು ಮರೆತಿದ್ದೇನೋ ಯಾರು ಬಲ್ಲರು ಎಂಬ ಯೋಚನೆ ಬಂತು. ಅಲ್ಲಿ ಗಾಳಿ ಕೆಟ್ಟಿದ್ದರೆ, ಇಳಿಯಬಾರದು ಎಂದು ಕಂಡರೆ, ಇಂದು ನಾನು ಇಳಿಯುವುದನ್ನು ಬಿಟ್ಟು ವಿಮಾನವನ್ನು ಮತ್ತೆ ಮೇಲಕ್ಕೆತ್ತುತ್ತೇನೆಯೇ? ನನಗೆ ನಂಬಿಕೆ ಬರಲಿಲ್ಲ. ಹಿಂದೆ ಅರವತ್ತೆಂಟು ಜನ ಕುಳಿತಿದ್ದರು. ಅವರ ಮನೆಯಲ್ಲೂ ಅಕ್ಕಂದಿರಿದ್ದಾರೆ.

ಫಾರ್ಮಿನಲ್ಲಿ ಹಾಕಿದ್ದ ಗುರುತನ್ನು ಹೊಡೆದುಹಾಕಿ ಹುಬ್ಬಳ್ಳಿಗೆ ಫೋನ್ ಮಾಡಿದೆ. “ಕಾಕಾ, ನಾ ಹಾರಂಗಿಲ್ರಿ. ಅನ್‌ಫಿಟ್ ಅಂತ ಬರಕೊಳ್ರಿ. ಬೆಂಗಳೂರಿನ ರಿಸರ್ವ್‌ದವರನ್ನ ಕರೀರಿ.”

“ಮ್ಯಾಡಂ, ಅಕ್ಕಾರು...” ಭಾವ ಅವರಿಗೂ ಫೋನ್ ಮಾಡಿದ್ದರು.

“ಗೊತ್ತೈತ್ರಿ. ಅದಕ್ಕಽ ಹಾರಂಗಿಲ್ಲ.”

ಅವರು ಬೆಂಗಳೂರಿನ ಪಟ್ಟಿ ತೆಗೆದರು. ಯಾರದೋ ಮನೆಯಲ್ಲಿ ಫೋನ್ ಬಡಿದಿರಬೇಕು, ಯಾರೋ ಸಂಜೆಯ ಚಹಾ ಅರ್ಧಕ್ಕೆ ಬಿಟ್ಟು ಎದ್ದಿರಬೇಕು. ಒಂದೂವರೆ ತಾಸು ಅವರಿಗೂ ಇರುತ್ತದೆ. ನಾನು ಹಾರಿಸುವ ಸ್ಥಿತಿಯಲ್ಲಿಲ್ಲ, ಹೊಸ ಸಿಬ್ಬಂದಿ ಬರುವವರೆಗೆ ವಿಮಾನ ಹೊರಡುವುದಿಲ್ಲ ಎಂದು ಪ್ರಯಾಣಿಕರಿಗೆ ನಾನೇ ಮೈಕಿನಲ್ಲಿ ಹೇಳಿದೆ. ಒಬ್ಬರು ಎದ್ದು ನಿಂತು, “ಏನ್ರೀ ಇದು! ಬಸ್ಸಿನ ಡ್ರೈವರ್ ಆದ್ರೂ ಊರು ಮುಟ್ಟಿಸಿ ಇಳೀತಾನ!” ಎಂದು ಕೂಗಿದರು.

ರಿಸರ್ವ್ ಕ್ಯಾಪ್ಟನ್ ಏಳೂವರೆಗೆ ಬಂದರು. ನರೆತ ಕೂದಲಿನವರು, ಮೊದಲು ಕಂಡವರಲ್ಲ. ಯಾಕೆ ಎಂದು ಕೇಳಲಿಲ್ಲ. ಇಂಧನದ ಚೀಟಿ ಹೊಸದಾಗಿ ಬರೆದರು. ನನಗೆ ಮುಂದಿನ ಸಾಲಿನಲ್ಲಿ ಜಾಗ ಕೊಡಿಸಿದರು. ಪ್ರಯಾಣಿಕಳಾಗಿ ಕುಳಿತೆ.

ಬಾಗಿಲು ಹಾಕುವ ಮೊದಲು, ಎಂಟಕ್ಕೆ ಹತ್ತು ನಿಮಿಷ ಇರುವಾಗ, ಭಾವ ಫೋನ್ ಮಾಡಿ ಅಕ್ಕನ ಕಿವಿಗೆ ಹಿಡಿದರು.

“ಎಲ್ಲಿದ್ದೀ?” ಅಂದಳು. ದನಿಯಲ್ಲಿ ಬರೀ ಗಾಳಿ.

ಹನ್ನೊಂದು ವರ್ಷದಲ್ಲಿ ಒಂದು ಸುಳ್ಳು ಕಾಯಿಲೆ ಹೇಳದವಳು, ಒಂದೂವರೆ ತಾಸಿನ ಹಿಂದೆ ಅರವತ್ತೆಂಟು ಜನರ ಮುಂದೆ ಖರೇ ಹೇಳಿದವಳು, ನಾನು ಅಕ್ಕನಿಗೆ, “ಇಳದೇನಿ ಅಕ್ಕಾ. ದಾರಿಯಾಗ ಅದೇನಿ, ಬಂದೆ,” ಅಂದೆ.

“ಹಾಂ,” ಅಂದಳು. ಬಹಳ ಸಮಾಧಾನದ ಹಾಂ ಅದು. ಆಮೇಲೆ ಫೋನ್ ಆಫ್ ಮಾಡಿ ಎಂದು ಗಗನಸಖಿ ಬಂದಳು.

ಹುಬ್ಬಳ್ಳಿಯ ಆಕಾಶ ಅಷ್ಟೊತ್ತಿಗೆ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ಗಾಳಿ ಇರಲಿಲ್ಲ, ಒಂದೇ ಸಲಕ್ಕೆ ಇಳಿದೆವು. ಸಾವಿರದ ಏಳುನೂರು ಕಿಲೋ ಸಾಕಾಗುತ್ತಿತ್ತು, ಮಿಗುತ್ತಲೂ ಇತ್ತು. ನಾನೇ ಹಾರಿಸಿದ್ದರೂ ಏನೂ ಆಗುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಮತ್ತೆ ಅಂಥದೇ ಸಂಜೆ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ಆ ನಿರ್ಧಾರಕ್ಕೆ ನನ್ನ ಕರುಳು ಸುಡುವುದಿಲ್ಲ. ಸುಡುವುದು ಸೋಮವಾರ ಸಂಜೆಯದಕ್ಕೆ, ಆ ಯುಕ್ತಿಗೆ.

ಸತ್ತೂರು ಮುಟ್ಟಿದಾಗ ಒಂಬತ್ತೂ ನಲವತ್ತು. ಭಾವ ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಅಕ್ಕನ ಬಳೆ, ಮೂಗುತಿ ಅವರ ಕರವಸ್ತ್ರದಲ್ಲಿದ್ದವು. ನನ್ನನ್ನು ನೋಡಿ ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ನೀ ದಾರಿಯಾಗ ಅದೀ ಅಂದ್ಲು. ಡಾಕ್ಟರಿಗೆ ಕೈ ಮುಗದ್ಲು, ನಮ್ಮ ತಂಗಿ ಬರಾಕತ್ತಾಳ, ಒಂದ ಐದ ನಿಮಿಷ ತಡೀರಿ ಅಂತ. ಪಾಪ, ಅವರೂ ತಡದ್ರು. ಬಾಗಲಾ ನೋಡಕೋತ ಇದ್ಲು. ಯಾರರೆ ಬಂದ್ರ ಕುತ್ತಿಗಿ ಎತ್ತಿ ನೋಡಾಕಿ. ಕಡೀಕ ಅವರಽ, ಇನ್ನ ಆಗಂಗಿಲ್ರಿ ಅಂತ ಒಯ್ದ್ರು.”

ನಾನು ಅವರಿಗೆ ನಿಜ ಹೇಳಿದೆ. ಆಗ ನಾನು ಬೆಂಗಳೂರಿನಲ್ಲೇ ಇದ್ದೆ ಎಂದೆ. ಭಾವ ಕರವಸ್ತ್ರದ ಗಂಟು ಬಿಗಿ ಮಾಡಿ, “ಆಕಿಗೆ ಗೊತ್ತಾಗಲಿಲ್ಲಲ್ಲ, ಆತು ಬಿಡು,” ಅಂದರು.

ಆಪರೇಷನ್ ಆಯಿತು. ಆದರೆ ನಂಜು ಆಗಲೇ ರಕ್ತಕ್ಕೆ ಸೇರಿತ್ತು. ಡಾಕ್ಟರರು ತಮ್ಮಿಂದಾದದ್ದೆಲ್ಲ ಮಾಡಿದರು, ಅವರನ್ನು ದೂರುವ ಹಾಗಿಲ್ಲ. ಅಕ್ಕನಿಗೆ ಎಚ್ಚರವಾಗಲಿಲ್ಲ. ಬುಧವಾರ ಬೆಳಿಗ್ಗೆ ಎಂಟಕ್ಕೆ ನಾನು ಅವಳ ಕಣ್ಣ ಮುಂದೆಯೇ ಇದ್ದೆ, ಅವಳ ಕಣ್ಣು ಮುಚ್ಚಿದ್ದವು. ಇಡೀ ದಿನ ಅವಳ ಪಾದ ಹಿಡಿದು ಕುಳಿತೆ. ಮಧ್ಯಾಹ್ನ ಮೂರಕ್ಕೆ ಎಲ್ಲ ಮುಗಿಯಿತು. ಆ ದಿನದ ಸ್ಟ್ಯಾಂಡ್‌ಬೈಗೆ ನನ್ನ ಬದಲು ಬೇರೆ ಕ್ಯಾಪ್ಟನ್ನನ್ನು ಹಾಕಿದ್ದರು. ಬೆಳಿಗ್ಗೆ ಆರರಿಂದ ಎರಡರವರೆಗೆ ಆತನನ್ನು ಯಾರೂ ಕರೆಯಲಿಲ್ಲ ಎಂದು ಆಮೇಲೆ ತಿಳಿಯಿತು.

ಯಾವ ಯುಕ್ತಿಯೂ ಮಾಡದಿದ್ದರೆ ಮಂಗಳವಾರ ನಾನು ಬೆಳಗಿನಿಂದ ಅಕ್ಕನ ಮಂಚದ ಪಕ್ಕ ಇರುತ್ತಿದ್ದೆ. ಅವಳು ಮಾತಾಡುವ ಸ್ಥಿತಿಯಲ್ಲಿದ್ದ ಕೊನೆಯ ದಿನ ಅದು. ನನ್ನನ್ನು ಬೈಯುತ್ತ, ನಗುತ್ತ, ಹೆದರುತ್ತ ಇರುತ್ತಿದ್ದಳು. ರಾತ್ರಿ ಎಂಟಕ್ಕೆ ಒಳಗೆ ಹೋಗುವಾಗ ನಾನು ಎದುರಿಗೇ ಇರುತ್ತಿದ್ದೆ. ಕೈಯಲ್ಲಿದ್ದ ದಿನವನ್ನು ಕೊಟ್ಟು, ಕೈಗೆ ಬರದ ದಿನವನ್ನು ಕೊಂಡೆ.

ಹದಿಮೂರನೇ ದಿನ ಕಳೆದ ಮೇಲೆ ಕೆಲಸಕ್ಕೆ ಹೋದೆ. ಡ್ಯೂಟಿ ಕಾಕಾ ಎದ್ದು ನಿಂತರು. ಅವರ ಕಣ್ಣು ಕೆಂಪಾಗಿದ್ದವು. “ನಾ ಫೋನ್ ಮಾಡಬಾರದಿತ್ರಿ ಮ್ಯಾಡಂ,” ಅಂದರು. ಪಟ್ಟಿಯ ಪ್ರಕಾರವೇ ಕೇಳಿದ್ದೀರಿ, ಬಿಡಿ ಎಂದೆ. ಆಮೇಲೆ ಅವರು ಹಿಂಜರಿಯುತ್ತ ಕಂಪ್ಯೂಟರಿನ ಕಡೆ ತಿರುಗಿದರು. ಸಾವಿನ ರಜೆ ತೀರಿಕೊಂಡ ದಿನದಿಂದಲೇ ಶುರುವಾಗುತ್ತದೆ. ಆದ್ದರಿಂದ ಆ ಬುಧವಾರ ಸಾವಿನ ರಜೆಯಾಗಿ ಬದಲಾಗಿತ್ತು. ಅದರ ಮೇಲಿದ್ದ ಬದಲಿ ರಜೆ ಬಳಕೆಯಾಗಲಿಲ್ಲವೆಂದು ನನ್ನ ಹೆಸರಿಗೆ ವಾಪಸ್ ಬಂದಿತ್ತು.

“ಒಂದು ದಿನ ಹಂಗಽ ಉಳದೈತ್ರಿ ನಿಮ್ಮದು. ಯಾವಾಗ ಹಾಕ್ಲಿ?”

“ಆಮ್ಯಾಲ ಹೇಳ್ತೇನ್ರಿ.”

ಜೂನಿನಲ್ಲಿ ಕೇಳಿದರು, ಜುಲೈಯಲ್ಲಿ ಕೇಳಿದರು. ಆಮೇಲೆ ಎನ್ನುತ್ತಲೇ ಹೋದೆ. ಬದಲಿ ರಜೆಯನ್ನು ಮೂರು ತಿಂಗಳೊಳಗೆ ಯಾವುದಾದರೂ ದಿನಕ್ಕೆ ಹಾಕಿಸಿಕೊಳ್ಳದಿದ್ದರೆ ಬಿದ್ದುಹೋಗುತ್ತದೆ, ಆ ನಿಯಮವೂ ನನಗೆ ಗೊತ್ತು. ಅವಧಿ ಮುಗಿಯುವ ದಿನ ಸಂಜೆ ಅವರು ಮನೆಗೇ ಫೋನ್ ಮಾಡಿದರು.

“ಮ್ಯಾಡಂ, ಇವತ್ತ ಕಡೀ ದಿನರಿ. ಯಾವದರೆ ಒಂದು ದಿನ ಹೇಳ್ರಿ, ಹಾಕಿಬಿಡತೇನಿ. ಇಲ್ಲಂದ್ರ ಹೋಗಿಬಿಡತೈತ್ರಿ.”

“ಮಂಗಳವಾರ ಹಾಕ್ರಿ.”

“ಯಾವ ಮಂಗಳವಾರರಿ? ಮುಂದಿನದ?”

“ಅಲ್ರಿ ಕಾಕಾ. ಮೇ ತಿಂಗಳಾಗಿಂದು.”



“ಹಿಂದಿನ ತಾರೀಖಿಗೆ ರಜಾ ಹಾಕಾಕ ಬರಂಗಿಲ್ರಿ, ಮ್ಯಾಡಂ,” ಅಂದರು.

“ಗೊತ್ತೈತ್ರಿ,” ಅಂದೆ.